ಸಿದ್ಲಿಂಗನ ಅರ್ಧ ಬೆರಳು ಮತ್ತು ಓಡದ ಪುಟ

ಸಿದ್ಲಿಂಗ ಹಣೆಗೆ ವಿಭೂತಿ ಬಳಿದರೆ ಮೇಲೊಂದು ಗೆರೆ, ಕೆಳಗೊಂದು ಗೆರೆ. ನಡುವಿನದು ಮೂಡ್ತಿರಲಿಲ್ಲ. ಬಲಗೈಯ ನಡುಬೆರಳು ಅರ್ಧವೇ ಇತ್ತು. ಉಳಿದರ್ಧವನ್ನ ಬೊಮ್ಮಸಂದ್ರದ ಒಂದು ಫ್ಯಾಕ್ಟರಿಯ ಪ್ರೆಸ್ ಮಿಷಿನ್ನು ತಗಡಿನ ಜೊತೆ ಒತ್ತಿಹಾಕಿತ್ತು. ನಡುವಿನ ಗೆರೆ ಎಲ್ಲೋ ಅಂತ ಕೇಳಿದ್ರೆ, "ಕಂಪನಿಗೆ ಕೊಟ್ಟೇನಿ ಆಯಿ" ಅನ್ನೋನು.

ಗದಗದ ಕಡೆಯವನು. ಹೆಬ್ಬಗೋಡಿಲಿ ನಮ್ಮ ವಠಾರದ ಕೊನೇ ರೂಮಲ್ಲಿ ಬಾಡಿಗೆಗಿದ್ದ. ಅವರ ಕಡೆ ಅಜ್ಜಿಗೆ ಆಯಿ ಅಂತಾರಂತೆ, ನನಗೂ ಅದೇ ಹೆಸರಿಟ್ಟ. ಬೆರಳು ಹೋದ ಮೇಲೂ ಅವನನ್ನ ಅದೇ ಪ್ರೆಸ್ ಮುಂದೆ ಕೂರಿಸಿದ್ರು. ಭಯ ಆಗಲ್ವೇನೋ ಅಂದೆ. ದಿನಾ ಆಗುತ್ತೆ ಅಂದ, ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಹೇಳೋ ದನಿಯಲ್ಲಿ. ಅಲ್ಲಿಂದ ಪಾರಾಗೋಕೆ ಇದ್ದಿದ್ದು ಒಂದೇ ದಾರಿ. ಅಳತೆ ನೋಡೋ ಡಿಪಾರ್ಟ್‌ಮೆಂಟಲ್ಲಿ ಜಾಗ ಖಾಲಿ ಆಗಿತ್ತು. ಮಿಷಿನ್ ಭಾಗಗಳ ಡ್ರಾಯಿಂಗ್ ಓದೋಕೆ ಬರುತ್ತಾ ಅಂತ ಪರೀಕ್ಷೆ ಮಾಡಿ ತಗೋತೀವಿ ಅಂದಿದ್ರಂತೆ. ಬರದಿದ್ರೆ ಮತ್ತೆ ಪ್ರೆಸ್ಸೇ.

ಓದೋಕೆ ಅಂತ ಗುಜರಿ ಅಂಗಡಿಯಿಂದ ಹಳೇ ಲ್ಯಾಪ್‌ಟಾಪ್ ತಂದ. ಯಾವುದೋ ಐಟಿ ಕಂಪನಿ ಹೊರಗೆ ಹಾಕಿದ್ದು. ಗುಜರಿಯವನು ಅದನ್ನ ನಡೆಸೋಕೆ ಲಿನಕ್ಸ್ ಅನ್ನೋದನ್ನ ತುಂಬಿಕೊಟ್ಟಿದ್ದ. ಅಕ್ಕಿ ಡಬ್ಬದ ಮೇಲೆ ಅದನ್ನಿಟ್ಟು, ಚಾಪೆ ಹಾಕ್ಕೊಂಡು ಕೂರೋನು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದೋಳು. ಆ ಡ್ರಾಯಿಂಗಲ್ಲಿ ಅಕ್ಷರ ಕಮ್ಮಿ, ಬರೀ ಗೆರೆ. ಅದಕ್ಕೇ ನೋಡೋಕೆ ಹೋಗ್ತಿದ್ದೆ. ಕೀಲಿಗಳ ಕೆಳಗೆ ಅಂಗೈಗಿಂತ ಚಿಕ್ಕದೊಂದು ನುಣ್ಣನೆ ಚೌಕ. ಅದರ ಬಲಗಡೆ ಅಂಚಿನ ಮೇಲೆ ತೋರುಬೆರಳು ಎಳೆದರೆ ಸಾಕು, ಪರದೆ ಮೇಲಿನ ಪುಟ ಮೆತ್ತಗೆ ಸರಿಯೋದು.

ಪರೀಕ್ಷೆಗೆ ವಾರ ಇದೆ ಅನ್ನುವಾಗ ಪುಟ ಸರಿಯೋದು ನಿಂತುಹೋಯ್ತು. ಎಳೀತಾನೆ, ಸಣ್ಣ ಬಾಣ ಮಾತ್ರ ಅಲ್ಲಾಡುತ್ತೆ, ಗೆರೆಗಳು ಇದ್ದಲ್ಲೇ. ಅಂಚು ಸವೆದಿದೆ ಅಂದ. ಪ್ರೆಸ್ಸಲ್ಲಿ ಅಚ್ಚು ಸವೆಯುತ್ತಲ್ಲ, ಹಾಗೆ ದಿನಾ ಒಂದೇ ಕಡೆ ಉಜ್ಜಿ ಇದೂ ಸವೆದಿದೆ ಅಂತ ಅವನ ಲೆಕ್ಕ. ಉಗುರಾಡಿಸಿ ತಗ್ಗು ಹುಡುಕಿದ. ಹೊಲಿಗೆ ಮಿಷಿನ್ ಎಣ್ಣೆ ಇದೆಯಾ ಅಂತ ನನ್ನ ಕೇಳಿದ. ಕೊಡಲಿಲ್ಲ. ಕೀಲಿ ಒತ್ತಿ ಸರಿಸೋಣ ಅಂದ್ರೆ ಪುಟ ಕುಪ್ಪಳಿಸುತ್ತೆ, ನೋಡ್ತಿದ್ದ ಗೆರೆ ತಪ್ಪಿಹೋಗುತ್ತೆ. ಪಕ್ಕದ ರೂಮಿನವನು ಮೌಸ್ ಕೊಡ್ತೀನಿ ಅಂದ್ರೆ ಡಬ್ಬದ ಮೇಲೆ ಜಾಗ ಇಲ್ಲ ಅಂದ. ಅದು ಬಾಯಿಮಾತು. ನಿಜವಾದ ಹಟ ಬೇರೆ ಇತ್ತು.

"ನಿನ್ನಿ ಮಾಡಿದ್ದನ್ನ ಇವತ್ತ ಯಾಕ ಮಾಡವಲ್ದು? ಅದು ತಿಳೀಬೇಕ ಆಯಿ."

ನನಗೂ ತಿಳೀಬೇಕು ಅನ್ನಿಸಿತು. ಅವನು ನಲ್ಲಿ ಹತ್ರ ಹೋಗಿದ್ದಾಗ ನೋಡ್ತೀನಿ, ಚೌಕದ ಮೇಲೆ ಅವನ ಹಣೆಯ ಬೂದಿ ಉದುರಿದೆ. ಎರಡು ಬೆರಳಲ್ಲಿ ಒರೆಸಿದೆ. ಡ್ರಾಯಿಂಗ್ ಸರ್ರಂತ ಓಡಿತು. ಕೂಗಿದೆ. ಕೊಡ ಅಲ್ಲೇ ಬಿಟ್ಟು ಬಂದ. ಒಂದು ಬೆರಳಿಟ್ಟು ತೋರಿಸಿದೆ, ಓಡಲಿಲ್ಲ. ಎರಡಿಟ್ಟೆ, ಓಡ್ತು. ಅವನೂ ಎರಡಿಟ್ಟ. ತೋರುಬೆರಳು ತಾಗಿತು, ಮೋಟು ಬೆರಳು ಗಾಳೀಲೇ ಉಳೀತು. ಉಂಗುರದ ಬೆರಳು ಕೂಡಿಸಿ ಎಳೆದ, ಎರಡೂ ಒಂದೇ ಸಮ ಸರಿಯಲಿಲ್ಲ.

"ಸವದಿಲ್ಲ. ಈಗ ಎರಡು ಬೆರಳು ಕೇಳಾಕತ್ತೈತಿ."

"ಯಾರು ಕಲಿಸಿದ್ರೋ ಅದಕ್ಕೆ?"

"ನಾನ. ಅಪ್‌ಡೇಟ್ ಮಾಡ್ಲೇನು ಅಂತ ಕೇಳ್ತು, ಹೂಂ ಅಂದೆ."

ಎಡಗೈಲಿ ಮಾಡೋ, ಅಷ್ಟೇ ತಾನೆ ಅಂದೆ. ಪ್ರೆಸ್ಸಿಗೆ ಅರ್ಧ ಬೆರಳು ಕೊಟ್ಟಾಯ್ತು, ಇದಕ್ಕೆ ಇಡೀ ಕೈ ಬಿಟ್ಟುಕೊಡಲೇನು ಅಂತ ನನ್ನನ್ನೇ ಕೇಳಿದ.

ಆಮೇಲೆ ಹುಡುಕಾಟ. ಪ್ರೆಸ್ ಕೆಟ್ಟರೆ ಒಂದೇ ತಿರುಪು ತಿರುಗಿಸಬೇಕಂತೆ, ಓಡಿಸಿ ನೋಡಬೇಕಂತೆ, ಆಗದಿದ್ರೆ ಅದನ್ನ ಮೊದಲಿದ್ದ ಹಾಗೇ ಬಿಗಿದು ಇನ್ನೊಂದಕ್ಕೆ ಕೈ ಹಾಕಬೇಕಂತೆ. ಎರಡನ್ನ ಒಟ್ಟಿಗೆ ತಿರುಗಿಸಿದೋನು ಕೆಟ್ಟ ಅನ್ನೋನು. ಇಲ್ಲೂ ಹಾಗೇ. ಶಿಫ್ಟ್ ಮುಗಿಸಿ ಬಂದು ಸೆಟ್ಟಿಂಗಲ್ಲಿ ಒಂದನ್ನ ಬದಲಾಯಿಸೋದು, ಬೆರಳೆಳೆಯೋದು, ವಾಪಸ್ ಇಡೋದು. ನೋಡಿ ನೋಡಿ ನನಗೇ ಕೈ ಕಡೀತಿತ್ತು. ಕೊನೆಗೆ ಎಲ್ಲೋ ಓದ್ಕೊಂಡು ಬಂದು, ಪರದೆ ಮೇಲೆ ಒಂದು ಕಪ್ಪು ಕಿಟಕಿ ತೆರೆದು ಒಂದು ಸಾಲು ಇಂಗ್ಲಿಷ್ ಹೊಡೆದ. ಅಂಚಿನ ಮೇಲೆ ಬೆರಳೆಳೆದ. ಪುಟ ಹೊರಟಿತು.

ಮುಗೀತಲ್ಲ ಅಂತ ಕಾಫಿ ಕಾಯಿಸೋಕೆ ಎದ್ದೆ. ಅವನು ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದ. ಪುಟ ಮತ್ತೆ ನಿಂತುಹೋಯ್ತು. ಮಲಗಿ ಎದ್ದರೆ ಮರೆಯುತ್ತೆ ಕಣೋ ಇದು, ನನ್ನ ಹಾಗೇ ಅಂದೆ. ಹಾಗಿದ್ರೆ ಎದ್ದ ಕೂಡಲೇ ಹೇಳಬೇಕು ಅಂದವನು, ಆನ್ ಆಗುತ್ತಲೇ ಆ ಸಾಲು ತಾನಾಗೇ ನಡೆಯೋ ಹಾಗೆ ಒಳಗೆ ಸೇರಿಸಿಟ್ಟ. ಆಮೇಲದು ಮರೀಲಿಲ್ಲ. ಉಳಿದ ದಿನವೆಲ್ಲ ಡ್ರಾಯಿಂಗ್ ಮುಂದೆಯೇ ಕೂತ. ಅನ್ನಕ್ಕೂ ನಾನೇ ಕರೀಬೇಕಿತ್ತು.

ಪಾಸಾದ. ಪ್ರೆಸ್ಸಿಂದ ಬಿಡಿಸಿ, ಅದೇ ಕಂಪನಿಯ ಪೀಣ್ಯದ ಯೂನಿಟ್ಟಿಗೆ ಅಳತೆ ನೋಡೋಕೆ ಹಾಕಿದ್ರು. ಇಲ್ಲಿಂದ ದಿನಾ ಓಡಾಡೋಕಾಗಲ್ಲ, ರೂಮು ಬಿಟ್ಟ. ಹೊಸೂರು ರೋಡಿನ ಸ್ಟಾಪಿನ ತನಕ ಜೊತೇಲಿ ಹೋದೆ. ಕಳಿಸಿಕೊಡೋಕಲ್ಲ, ಸೊಪ್ಪು ತರೋದಿತ್ತು. ಖುಷಿಯೇನೋ ಅಂದೆ. ಹೂಂ ಅಂದ. ನಾನು ಅಷ್ಟಕ್ಕೇ ಬಿಡಬಹುದಿತ್ತು. ನಿನ್ನ ಪ್ರೆಸ್ ಮುಂದೆ ಈಗ ಯಾರು ಕೂತಿದ್ದಾರೆ ಅಂತ ಕೇಳಿದೆ.

"ಹೊಸಾಂವ ಬಂದಾನ, ಬಿಜಾಪುರ ಕಡ್ಯಾಂವ," ಅಂದ. ಬ್ಯಾಗನ್ನ ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ. "ಹತ್ತೂ ಬೆರಳು ಅದಾವ."

ಬಸ್ಸು ಬಂತು, ಹತ್ತಿದ. ಆಮೇಲೆ ಅವನನ್ನ ನಾನು ನೋಡಿಲ್ಲ.