ಬೇರೆಯವರ ಹೊಲದಲ್ಲಿ ಚರಗ

ಕಳೆದ ಸಲ ನಮ್ಮ ಪಕ್ಕದ ಹೊಲದವರಿಗೆ ಬಿಳಿಜೋಳ ಭರ್ಜರಿ ಬಂತು. ಅದೆಲ್ಲ ನನ್ನ ಕೈಗುಣ ಎಂದು ಅವರು ಸರಸಂಬಾ ಊರ ತುಂಬ ಹೇಳಿಕೊಂಡು ತಿರುಗುತ್ತಾರೆ. ಹೊಗಳಿಕೆ ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಆದರೆ ಆ ಕೈಗುಣ ತೋರಿಸುವಾಗ ನಾನು ಅಲ್ಲಿರಲೇ ಇಲ್ಲ. ಕೈ ಇತ್ತು, ಕಾಲು ಇತ್ತು, ತಲೆಯ ಮೇಲೆ ಬುಟ್ಟಿಯೂ ಇತ್ತು. ನಾನು ಮಾತ್ರ ಇರಲಿಲ್ಲ.

ಇದು ತಿಳಿಯಬೇಕಾದರೆ ಅದರ ಹಿಂದಿನ ವರ್ಷದ ಮಾತು ಹೇಳಬೇಕು. ನಾವಿರುವುದು ಆಳಂದದಲ್ಲಿ, ಹೊಲ ಇರುವುದು ಸರಸಂಬಾದಲ್ಲಿ, ಮಗಳನ್ನು ಕೊಟ್ಟದ್ದು ಜೇವರ್ಗಿಗೆ. ಮಗಳನ್ನು ನೋಡಿಕೊಂಡು ಮರಳಿ ಬರುವಾಗ ದಾರಿಯಲ್ಲಿ ನಮ್ಮ ಮನೆಯವರಿಗೆ ಎದೆನೋವು ಬಂತು. ಕಲಬುರಗಿಯ ದವಾಖಾನೆ ಮುಟ್ಟುವವರೆಗೆ ಅವರ ತಲೆ ನನ್ನ ತೊಡೆಯ ಮೇಲಿತ್ತಂತೆ. ಅಂತೆ ಎನ್ನಲೇಬೇಕು, ಯಾಕೆಂದರೆ ಆ ದಾರಿಯ ಒಂದು ಮರವೂ ನನಗೆ ನೆನಪಿಲ್ಲ. ಅವರೇನೋ ಆರಾಮಾಗಿ ಮನೆಗೆ ಬಂದರು, ಕದ್ದು ಮಿರ್ಚಿ ಭಜಿ ತಿನ್ನುವ ಮಟ್ಟಿಗೆ ಸುಧಾರಿಸಿದರು. ಎದೆನೋವು ಬಂದದ್ದು ಅವರಿಗೆ, ಅದನ್ನು ಮನೆಯಲ್ಲಿಟ್ಟು ಸಾಕಿದವಳು ನಾನು.

ಅವರು ಸುಮ್ಮನೆ ಕೆಮ್ಮಿದರೂ ನನ್ನ ಕೈ ತಣ್ಣಗಾಗುತ್ತಿತ್ತು. ಆಮೇಲೆ ಎಲ್ಲವೂ ದೂರ ಸರಿಯುತ್ತಿತ್ತು. ಗಾಜು ಮುಚ್ಚಿದ ಬಸ್ಸಿನೊಳಗೆ ಕೂತಾಗ ಹೊರಗಿನವರ ತುಟಿ ಅಲ್ಲಾಡುವುದು ಕಾಣುತ್ತದಲ್ಲ, ಮಾತು ಕೇಳುವುದಿಲ್ಲ, ಹಾಗೆ. ರೊಟ್ಟಿ ಬಡಿಯುತ್ತಿದ್ದ ಕೈಗಳು ಯಾರವೋ ಅನಿಸುತ್ತಿದ್ದವು. ಮರಳಿ ಬರುವ ಹೊತ್ತಿಗೆ ರೊಟ್ಟಿ ರಾಶಿ ಬಿದ್ದಿರುತ್ತಿತ್ತು. ನಾನು ಕಲಿಸುವ ಶಾಲೆಯಲ್ಲಿ ಒಮ್ಮೆ ಮಾಡಿದ ಪಾಠವನ್ನೇ ಮರುದಿನವೂ ಅಷ್ಟೇ ಹುಮ್ಮಸ್ಸಿನಿಂದ ಮಾಡಿದೆ. ಎಲ್ಲ ಪ್ರಶ್ನೆಗೂ ಮಕ್ಕಳು ಟಕಟಕ ಉತ್ತರ ಹೇಳಿದಾಗ ನನ್ನ ಕಲಿಸುವಿಕೆಯನ್ನು ನಾನೇ ಮೆಚ್ಚಿಕೊಂಡೆ. ಇದು ನಿನ್ನೆಯ ಪಾಠ ಎಂದು ಯಾವ ಮಗುವೂ ಬಾಯಿ ಬಿಡಲಿಲ್ಲ, ಹೊಸ ಪಾಠ ಯಾರಿಗೆ ಬೇಕಿದೆ?

ಒಮ್ಮೆ ಕಲಬುರಗಿಯಿಂದ ಆಳಂದಕ್ಕೆ ಹೊರಟವಳು ಬಸ್ಸಿಳಿದು ನೋಡಿದರೆ ಅಫಜಲಪುರ. ಅದು ನನ್ನ ತವರು. ನನ್ನ ಅತ್ತಿಗೆ ಬಾಗಿಲಲ್ಲಿ ನಿಂತು, "ಕರೀಲಾರ್ದೆ ತವರು ನೆನಪಾತೇನ್ ಬೇ ನಿನಗ!" ಎಂದು ಹಿಗ್ಗಿ, ಹುಗ್ಗಿ ಮಾಡಿ ಬಡಿಸಿದಳು. ದಾರಿ ತಪ್ಪಿ ಬಂದೆ ಎಂದು ಹೇಳುವ ಧೈರ್ಯ ಆಗಲಿಲ್ಲ. ಹುಗ್ಗಿ ಉಂಡೆ. ಒಳಗೊಳಗೇ ಬಹಳ ಹೆದರಿದ್ದೆ. ಬುದ್ಧಿ ಕೆಡುತ್ತಿದೆ ಎಂದೇ ತಿಳಿದುಕೊಂಡಿದ್ದೆ. ಯಾರಿಗೂ ಹೇಳಲಿಲ್ಲ. ಮಗಳು ಆಗ ಬಸುರಿ. ಚೊಚ್ಚಲ ಹೆರಿಗೆ, ಬಾಣಂತನಕ್ಕೆ ನಮ್ಮ ಮನೆಗೇ ಬರುವವಳು. ತಾಯಿಗೆ ಹೀಗಾಗಿದೆ ಎಂದರೆ ಯಾರು ಕಳಿಸುತ್ತಾರೆ?

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಅಂದು ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಕಾಳು ಸೊಪ್ಪಿನ ಭಜ್ಜಿ, ಕಡಬು ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲು ಇಟ್ಟು, ಪಾಂಡವರೆಂದು ಪೂಜೆ ಮಾಡಿ, ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಬೆಳೆಯ ಮೇಲೆ ಚೆಲ್ಲುತ್ತಾರೆ. ಅದೇ ಚರಗ. ಭೂಮಿತಾಯಿ ಉಂಡ ಮೇಲೆ ನಮ್ಮ ಊಟ. ಆ ಸಲ ಬೀಗರನ್ನೂ ಹೊಲಕ್ಕೆ ಕರೆದಿದ್ದೆವು. ಅವರನ್ನೂ ಮಗಳನ್ನೂ ಕರೆತರಲು ನಮ್ಮ ಮನೆಯವರು ಕಾರು ಮಾಡಿಕೊಂಡು ಜೇವರ್ಗಿಗೆ ಹೋದರು. ಬುಟ್ಟಿ ಹೊತ್ತು ನಾನೊಬ್ಬಳೇ ಮುಂದೆ ಹೋದೆ.

ಹೋಗುವಾಗ ಫೋನ್ ಮಾಡಿದೆ, ಅವರು ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಜೇವರ್ಗಿಯ ಅದೇ ದಾರಿ. ಅಲ್ಲಿಗೆ ಗಾಜು ಮುಚ್ಚಿತು.

ಮತ್ತೆ ತೆರೆದಾಗ ನಾನು ಎದೆಯುದ್ದದ ಜೋಳದಲ್ಲಿ ನಿಂತು ಚರಗ ಚೆಲ್ಲುತ್ತಿದ್ದೆ. ಕಲ್ಲು ಇಟ್ಟಾಗಿತ್ತು, ಸುಣ್ಣ ಹಚ್ಚಿಯಾಗಿತ್ತು, ಪೂಜೆ ಸಾಂಗವಾಗಿ ಮುಗಿದಿತ್ತು. ಒಂದೇ ಕೊರತೆ ಎಂದರೆ ಹೊಲ ನಮ್ಮದಾಗಿರಲಿಲ್ಲ. ಬದುವಿನ ಮೇಲೆ ಪಕ್ಕದ ಹೊಲದ ಮುದುಕಿ ತನ್ನ ಮಕ್ಕಳು, ಸೊಸೆಯರು, ಮೊಮ್ಮಕ್ಕಳ ಸಮೇತ ಬುಟ್ಟಿ ಇಳಿಸಿಕೊಂಡು ಕೂತಿದ್ದಳು. ಅರ್ಧ ಚೆಲ್ಲಿದ ಚರಗವನ್ನು ನಿಲ್ಲಿಸಬಾರದೆಂದು ಪಾಪ ಎಲ್ಲರೂ ಕಾದಿದ್ದರು.

"ಮುಗಸ್ರಿ ಅಕ್ಕೋರ, ಆ ಮೂಲಿ ಒಂದು ಉಳದದ," ಎಂದಳು ಮುದುಕಿ. ನಮ್ಮಲ್ಲಿ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರ ಎನ್ನುತ್ತಾರೆ.

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅದಾದರೂ ಆಗಷ್ಟೇ ಉಂಡಿತ್ತು. ಸರಿಯಾಗಿ ಆ ಹೊತ್ತಿಗೆ ನಮ್ಮ ಕಾರೂ ಬಂತು. ಮಗಳು ಹೊಟ್ಟೆ ಹಿಡಿದುಕೊಂಡು ಇಳಿದಳು, ಬೀಗತಿ ಸೆರಗು ಸರಿಮಾಡಿಕೊಂಡು ಇಳಿದರು, ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ ನಮ್ಮ ಮನೆಯವರು ಹಲ್ಲು ಕಿರಿಯುತ್ತಾ ಇಳಿದರು. ಮುದುಕಿ ಯಾರನ್ನೂ ಮಾತಾಡಗೊಡಲಿಲ್ಲ. ತನ್ನ ಬುಟ್ಟಿ ಎತ್ತಿ ಸೊಸೆಯ ತಲೆಯ ಮೇಲಿಟ್ಟು, "ಅಕ್ಕೋರ ನಮ್ಮ ಹೊಲಕ್ಕ ಉಣಿಸ್ಯಾರ. ಇನ್ನ ಅವರ ಹೊಲ ಉಪಾಸ ಇರ್ಬೇಕೇನು? ನಡೀರಿ ಎಲ್ಲಾರೂ," ಎಂದಳು. ಆ ಮನೆಯವರೆಲ್ಲ ನಮ್ಮ ಹೊಲಕ್ಕೆ ಹೋಗಿ ತಮ್ಮ ಚರಗ ಚೆಲ್ಲಿ ಬಂದರು. ನಂತರ ಎರಡೂ ಮನೆಯವರು ಬದುವಿನ ಮೇಲೆ ಒಟ್ಟಿಗೆ ಉಂಡೆವು. ನಗೆಗೆ ಬರವಿರಲಿಲ್ಲ.

ಬೀಗತಿ ಮಾತ್ರ ನಗಲಿಲ್ಲ. ಕೈ ತೊಳೆಯುವಾಗ ನನ್ನನ್ನು ಪಕ್ಕಕ್ಕೆ ಕರೆದು, "ತಪ್ಪು ತಿಳೀಬ್ಯಾಡ್ರಿ ಅಕ್ಕಾ," ಎಂದರು. "ಚೊಚ್ಚಲದ್ದು ತವರಾಗೇ ಆಗ್ಬೇಕು, ಖರೆ ಅದ. ಆದ್ರ ನಿಮಗ ಆರಾಮಿಲ್ಲ. ಕೂಸಿನ ಕೆಲಸ ಅಂದ್ರ ಹುಡುಗಾಟಕಿ ಅಲ್ಲ. ಬಾಣಂತನ ನಮ್ಮ ಕಡೀಗೆ ಆಗ್ಲಿ."

ಅವರ ಮೇಲೆ ಸಿಟ್ಟು ಬರಬೇಕಿತ್ತು. ನನಗೆ ಸಿಟ್ಟು ಬರುವುದು ಹೊಸದೂ ಅಲ್ಲ, ಕಷ್ಟವೂ ಅಲ್ಲ. ಅಂದು ಬರಲಿಲ್ಲ. ಅವರ ಮಾತು ಸರಿ ಎಂದು ನನಗೇ ಅನಿಸಿತು, ಅದಕ್ಕೇ ಅಳು ಬಂತು.

ಮರುವಾರ ಮನೆಯವರಿಗೆ ಎಲ್ಲ ಹೇಳಿದೆ. ಅವರು ಮೊದಲ ಸಲ ಚೇಷ್ಟೆ ಮಾಡದೆ ಕೇಳಿ, ಕಲಬುರಗಿಗೆ ಕರೆದುಕೊಂಡು ಹೋದರು. ಮನೋವೈದ್ಯೆ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬೇಕು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಹೇಳಿದಳು: "ನಿಮ್ಮ ಬುದ್ಧಿ ಕೆಟ್ಟಿಲ್ರಿ. ಚಿಂತಿ ಫಿಕರ್ ಹೆಚ್ಚಾದ ಕೂಡಲೇ ನಿಮ್ಮ ಮನಸ್ಸು ಅಲ್ಲಿಂದ ಎದ್ದು ಹೋಗ್ತದ. ನೀವು ಇಲ್ಲದ ಹೊತ್ತಿನ ನೆನಪು ಎಲ್ಲಿಂದ ಬರಬೇಕ್ರಿ?"

ಮಾತ್ರೆ ಕೊಟ್ಟಳು, ಮಾತಾಡಲು ಆಗಾಗ ಬರಹೇಳಿದಳು. ಇನ್ನೊಂದು ಉಪಾಯವನ್ನೂ ಕಲಿಸಿದಳು. ಗಾಜು ಮುಚ್ಚುತ್ತಿದೆ ಅನಿಸಿದಾಗ ಕೈಗೆ ತಾಗುವುದು, ಕಣ್ಣಿಗೆ ಕಾಣುವುದು, ಆಗ ಮಾಡುತ್ತಿರುವ ಕೆಲಸ, ಇವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಮನಸ್ಸಿನಲ್ಲೇ ಹೇಳಿಕೊಳ್ಳುವುದು ನನ್ನಿಂದ ಆಗುತ್ತದೆಯೇ? ಇಷ್ಟು ವರ್ಷ ಹಿಂದಿನ ಬೆಂಚಿಗೆ ಕೇಳಿಸುವಂತೆ ಕೂಗಿದ ಗಂಟಲು ಇದು.

"ಈಗ ಹಿಟ್ಟು ನಾದಾಕತ್ತೇನಿ. ನೀರು ಬಿಸಿ ಅದ. ಈಗ ಹಿಟ್ಟಿನ ಉಳ್ಳಿ ಮಾಡಾಕತ್ತೇನಿ."

"ಯಾರಿಗಿ ಹೇಳಾಕತ್ತೀ?" ಎಂದು ಪಡಸಾಲೆಯಿಂದ ನಮ್ಮ ಮನೆಯವರು.

"ನನಗ ಹೇಳ್ಕೊಳ್ಳಾಕತ್ತೇನ್ರಿ."

"ಹಂಗಾದ್ರ ಈಗ ನಾನು ಚಾ ಬೇಡಾಕತ್ತೇನಿ."

ನಮ್ಮ ಮನೆ ಆಕಾಶವಾಣಿಯಾಯಿತು. ಯಾವ ಪಲ್ಯಕ್ಕೆ ಯಾವಾಗ ಒಗ್ಗರಣೆ ಬಿತ್ತೆಂದು ಓಣಿಗೆಲ್ಲ ಗೊತ್ತು. ಉಪ್ಪು ಹಾಕಿದ್ದು ಹೇಳದಿದ್ದರೆ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಉಪ್ಪು ಹಾಕೀರೇನ್ರಿ?" ಎನ್ನುತ್ತಿದ್ದಳು. ಇದರಿಂದ ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಈಗಲೂ ಒಮ್ಮೊಮ್ಮೆ ಹೋಗುತ್ತೇನೆ. ಆದರೆ ಹೋಗುವಾಗ ಗೊತ್ತಾಗುತ್ತದೆ, ಅರ್ಧ ದಾರಿಯಿಂದ ಮರಳಿ ಬರಲೂ ಬರುತ್ತದೆ.

ಹೆರಿಗೆ ಹತ್ತಿರ ಬಂದಾಗ ನಾನೊಬ್ಬಳೇ ಜೇವರ್ಗಿಗೆ ಹೋದೆ. "ಈಗ ಬಸ್ಸು ಭೀಮಾ ದಾಟಾಕತ್ತದ," ಎಂದು ಸೆರಗಿನೊಳಗೆ ಗುನುಗಿದರೂ ಪಕ್ಕದಲ್ಲಿದ್ದ ಅಜ್ಜ, "ಹೌದ್ರಿ, ನೀರು ಭಾಳ ಕಡಿಮಿ ಆಗ್ಯಾದ," ಎಂದು ಮಾತಿಗೆ ಕೂತ. ಬೀಗತಿಯ ಮುಂದೆ ಏನೂ ಮುಚ್ಚಿಡದೆ ಹೇಳಿದೆ. ನನಗೆ ಏನಾಗುತ್ತದೆ, ಏನು ಔಷಧ, ಏನು ಉಪಾಯ, ಎಲ್ಲ. ಅವರು ಮಾತ್ರೆಯ ಹೆಸರನ್ನೂ ಬಿಡದೆ ಕೇಳಿ ತಿಳಿದುಕೊಂಡರು.

"ನಾನೂ ಜೋಡಿ ಆಳಂದಕ್ಕ ಬರ್ತೇನಿ," ಎಂದರು ಕಡೆಗೆ. "ಸರಿ ಕಂಡ್ರ ಬಿಟ್ಟು ಬರ್ತೇನಿ. ಇಲ್ಲಾಂದ್ರ ತಾಯಿ ಮಗೂನ ಕರ್ಕೊಂಡು ಬರ್ತೇನಿ. ಸಿಟ್ಟಾಗಂಗಿಲ್ಲ."

ಹೆಣ್ಣು ಕೂಸು ಹುಟ್ಟಿತು. ಆಳಂದದ ನಮ್ಮ ಮನೆಗೆ ಬಂತು. ಎಣ್ಣೆ ಹಚ್ಚಿ ಎರೆಯುವ ಮೊದಲ ಮುಂಜಾನೆ ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತೆ. ಬಾಗಿಲಲ್ಲಿ ಬೀಗತಿ ನಿಂತಿದ್ದರು. ಹಂಡೆಯ ನೀರು ಹದವಾಗಿತ್ತು. ಆಗ ನನ್ನ ಕೈ ತಣ್ಣಗಾಯಿತು. ಕೂಸು ಕಾಲ ಮೇಲಿರುವಾಗ ನಾನು ಎದ್ದು ಹೋದರೆ? ಹೇಳಿಕೊಳ್ಳಬೇಕೆಂದು ಬಾಯಿ ತೆರೆದೆ. ಹಿಂದಿನ ಬೆಂಚಿಗೆ ಕೇಳಿಸುವ ಗಂಟಲಿನಿಂದ ಒಂದು ಅಕ್ಷರವೂ ಹೊರಡಲಿಲ್ಲ. ಹಂಡೆ ದೂರ ಸರಿಯತೊಡಗಿತು.

"ನೀವೇ ಎರೀರಿ ಅಕ್ಕಾ," ಎಂದು ಬೀಗತಿಗೆ ಹೇಗೋ ಹೇಳಿದೆ.

ಬೀಗತಿ ಒಂದು ಹೆಜ್ಜೆ ಒಳಗಿಟ್ಟರು. ಅವರಿಗಿಂತ ಮೊದಲು ನನ್ನ ಮಗಳು ತಲೆಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಎತ್ತಿಕೊಂಡು ಬಂದಳು. ನನ್ನೆದುರು ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತು, ಓಣಿಗೆಲ್ಲ ಕೇಳಿಸುವಂತೆ ಹೇಳಿದಳು:

"ಈಗ ನಾ ನಮ್ಮವ್ವನ ಕಾಲ ಮ್ಯಾಲ ನನ್ನ ಮಗಳಿಗಿ ಮಲಗಸಾಕತ್ತೇನಿ."

ಮಲಗಿಸಿದಳು. ಕೈ ತೆಗೆದಳು.

ಬೆಚ್ಚಗಿತ್ತು. ಇಷ್ಟೇ ಇಷ್ಟು ಭಾರವಿತ್ತು. ನನ್ನ ಮೊಣಕಾಲಿಗೆ ಅದರ ಹಿಮ್ಮಡಿ ತಾಗುತ್ತಿತ್ತು.

"ಈಗ ಎಣ್ಣಿ ಹಚ್ಚಾಕತ್ತೇನಿ," ಎಂದೆ. "ಈಗ ಬೆನ್ನು. ಈಗ ಕೈ. ಈಗ ಈ ಹುಡುಗಿ ಅಳಾಕತ್ತಾಳ."

"ಈಗ ಅಜ್ಜಿನೂ ಅಳಾಕತ್ತಾಳ," ಎಂದು ಪಡಸಾಲೆಯಿಂದ ನಮ್ಮ ಮನೆಯವರು.

ಬೀಗತಿ ತಂಬಿಗೆಯಲ್ಲಿ ನೀರು ತುಂಬಿ ನನ್ನ ಕೈಗಿಟ್ಟರು. ಮೂರನೆಯ ದಿನ ತಮ್ಮ ಬ್ಯಾಗು ಹಿಡಿದು ಒಬ್ಬರೇ ಜೇವರ್ಗಿಗೆ ಹೋದರು.

ಆ ಮುಂಜಾನೆಯದು ನನಗೆಲ್ಲ ನೆನಪಿದೆ. ಹೊಗೆಯ ವಾಸನೆ, ಎಣ್ಣೆಯ ಜಿಡ್ಡು, ಕೂಸು ನನ್ನ ಸೀರೆ ತೋಯಿಸಿದ್ದು, ಎಲ್ಲ. ಅಷ್ಟು ಹೊತ್ತೂ ನಾನು ಅಲ್ಲೇ ಇದ್ದೆ.