ಬಿಳಿಟೋಪಿಯ ಲಂಗರು

ದೋಣಿಗೆ ಕಾಲಿಟ್ಟರೆ ಹೊಟ್ಟೆ ತೊಳಸಿ ಬರುವ ಮನುಷ್ಯನೊಬ್ಬ ದಿನಾ ಬೆಳಗ್ಗೆ ಸಮುದ್ರದ ಬಗ್ಗೆ ಊರಿಗೆಲ್ಲ ವರದಿ ಕೊಡುತ್ತಾನೆಂದರೆ ಯಾರಿಗಾದರೂ ನಗು ಬರುತ್ತದೆ. ಗಾಳದ ಸಾಮಾನಿನ ಅಂಗಡಿಯಲ್ಲಿ ಸಂಬಳಕ್ಕಿದ್ದ ಆ ಇಪ್ಪತ್ತಾರು ವರ್ಷದವನಿಗೇ ಬರುತ್ತಿತ್ತು. ಅವನನ್ನು ದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಎಲ್ಲರೂ 'ವರದಿ' ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕೂಗಿದರೆ ಅವನೇ ಒಮ್ಮೊಮ್ಮೆ ತಿರುಗಿ ನೋಡುತ್ತಿರಲಿಲ್ಲ.

ಬೆಳಗ್ಗೆ ಆರೂವರೆಗೆ ಅಂಗಡಿಯ ಶಟರ್ ಎತ್ತಿ, ಕಂಬಕ್ಕೆ ಕಟ್ಟಿದ ಪ್ಲಾಸ್ಟಿಕ್ ಚೀಲ ಯಾವ ಕಡೆ ಹಾರುತ್ತಿದೆ ಎಂದು ನೋಡಿದರೆ ಗಾಳಿಯ ಲೆಕ್ಕ ಮುಗಿಯಿತು. ದಾರಕ್ಕೆ ಕಟ್ಟಿದ ಥರ್ಮಾಮೀಟರನ್ನು ಧಕ್ಕೆಯ ತುದಿಯಿಂದ ಇಳಿಬಿಟ್ಟರೆ ನೀರಿನ ಬಿಸಿಯೂ ಗೊತ್ತಾಗುತ್ತಿತ್ತು. ಕಷ್ಟವಿದ್ದದ್ದು ಮೀನಿನ ವಿಷಯದಲ್ಲಿ. ವಾಪಸು ಬರುವ ದೋಣಿಗಳವರನ್ನು "ಎಲ್ಲಿ ಸಿಕ್ತು?" ಎಂದು ಕೇಳಿದರೆ "ನೀರಲ್ಲಿ" ಎನ್ನುತ್ತಿದ್ದರು. ಉತ್ತರಕ್ಕೆ ಎಂದವನು ದಕ್ಷಿಣಕ್ಕೆ ಹೋಗಿ ಬಂದಿರುತ್ತಿದ್ದ. ಏನೂ ಸಿಗಲಿಲ್ಲ ಎಂದವನ ಬುಟ್ಟಿಯ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ಇಷ್ಟೆಲ್ಲ ಸುಳ್ಳು ಸೋಸಿ ಅವನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ: "ಗಾಳಿ ಸಾಧಾರಣ. ಅಲೆ ಮೊಣಕಾಲೆತ್ತರ. ನೀರು ತಿಳಿ. ಕಲ್ಲುಕಟ್ಟೆಯ ಬಳಿ ಬಂಗುಡೆ ಚದುರಿದಂತೆ ಇದೆ." ಅದೇ ವರದಿ ಒಂದು ಫೋಟೊದ ಜೊತೆ ಸಾವಿರ ಜನರ ಫೋನಿಗೂ ಹೋಗುತ್ತಿತ್ತು.

ಆ ಫೋಟೊವೇ ಅವನ ಮನೆಗೆ ಬೆಂಕಿ ಇಟ್ಟದ್ದು.

ಅವನ ಅಪ್ಪ ಮೂವತ್ತು ವರ್ಷದಿಂದ ಸಣ್ಣ ದೋಣಿಯಲ್ಲಿ ಒಬ್ಬನೇ ಹೋಗಿ ಕೈಗಾಳ ಹಾಕುತ್ತಿದ್ದವನು. ನೀರಿನಡಿ ಅಪ್ಪನಿಗೆ ಮಾತ್ರ ಗೊತ್ತಿದ್ದ ಒಂದು ಬಂಡೆ ಇತ್ತು. ಅದರ ಸಂದಿಗಳಲ್ಲಿ ದಪ್ಪ ತುಟಿಯ ಮುರುಮೀನುಗಳು ಬಾಡಿಗೆ ಕೊಡದೆ ಸಂಸಾರ ಹೂಡಿದ್ದವು. ಅಪ್ಪ ದಿನಕ್ಕೆ ಎರಡು ಹಿಡಿಯುತ್ತಿದ್ದ. ಮೂರನೆಯದು ಕಚ್ಚಿದರೆ ಬಿಟ್ಟುಬಿಡುತ್ತಿದ್ದ. ವಾರದ ರಜೆಯ ದಿನ ಮಗನನ್ನೂ ಕರೆದುಕೊಂಡು ಹೋಗಿ ದೋಣಿಯ ಮುಂದಿನ ಹಲಗೆಯ ಮೇಲೆ ಕೂರಿಸುತ್ತಿದ್ದ. ಮಗ ಒಂದು ಕಡೆ ವಾಂತಿ ಮಾಡಿಕೊಳ್ಳುತ್ತಾ ಇನ್ನೊಂದು ಕಡೆ ಅಪ್ಪನ ಮಾತು ಕೇಳುತ್ತಿದ್ದ. ಮನೆಯಲ್ಲಿ ಇಡೀ ವಾರ ಹತ್ತು ಮಾತಾಡದ ಅಪ್ಪ ಅಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ.

ಅಂಥ ಒಂದು ದಿನ ಆರು ಕಿಲೋದ ಮುರುಮೀನು ಬಂತು. ವರದಿ ಬಾಯಿ ಒರೆಸಿಕೊಂಡು, ಅಪ್ಪ ಮೀನು ಎತ್ತಿ ಹಿಡಿದ ಫೋಟೊ ತೆಗೆದು ಮಾರನೇ ದಿನ ಹಾಕಿದ. ಎಲ್ಲಿ ಸಿಕ್ಕಿತೆಂದು ಒಂದಕ್ಷರ ಬರೆಯಲಿಲ್ಲ, ಅಷ್ಟು ಬುದ್ಧಿ ಇತ್ತು. ಆದರೆ ಅಪ್ಪನ ಬಲಭುಜದ ಹಿಂದೆ ಐಸ್ ಕಾರ್ಖಾನೆಯ ಚಿಮಣಿ ನೀರಿನ ಟ್ಯಾಂಕಿನ ನೇರಕ್ಕೆ ನಿಂತಿತ್ತು. ಎಡಭುಜದ ಹಿಂದೆ ದೀಪಸ್ತಂಭ ಗುಡ್ಡದ ಕೊರಕಲಿನ ನೇರಕ್ಕಿತ್ತು. ದಡದ ಎರಡು ವಸ್ತು ಒಂದರ ಹಿಂದೊಂದು ಬಂದರೆ ಒಂದು ಗೆರೆ, ಇನ್ನೆರಡು ಬಂದರೆ ಇನ್ನೊಂದು ಗೆರೆ, ಎರಡೂ ಕೂಡುವಲ್ಲಿ ದೋಣಿ. ಸಮುದ್ರದವರು ಜಾಗ ನೆನಪಿಡುವುದೇ ಹೀಗೆ. ಸಮುದ್ರದವನ ಮಗ, ಸಮುದ್ರದ ವರದಿಗಾರ, ವಿಳಾಸ ಬರೆದು ಟಪಾಲಿಗೆ ಹಾಕಿದಂತೆ ಅದನ್ನು ಸಾವಿರ ಜನಕ್ಕೆ ಕಳಿಸಿದ್ದ.

ಸಾವಿರದಲ್ಲಿ ಅದನ್ನು ಓದಿದವನು ಒಬ್ಬನೇ. ನಾಲ್ಕು ವರ್ಷದ ಹಿಂದೆ ಬೇರೆ ಕರಾವಳಿಯಿಂದ ಬಂದು, ಹವ್ಯಾಸಕ್ಕೆ ಗಾಳ ಹಾಕುವ ಪೇಟೆಯವರನ್ನು ದೊಡ್ಡ ಬೋಟಿನಲ್ಲಿ ಕರೆದೊಯ್ಯುತ್ತಿದ್ದ ಕ್ಯಾಪ್ಟನ್. ಮಲಗುವಾಗಲೂ ತೆಗೆಯುವುದಿಲ್ಲವೆಂದು ಹೇಳಲಾಗುವ ಟೋಪಿಯಿಂದ ಅವನಿಗೆ ಬಿಳಿಟೋಪಿ ಎಂದು ಹೆಸರು. ಒಂದೇ ಸುಗ್ಗಿಯಲ್ಲಿ, ದಿನಕ್ಕೆ ಹನ್ನೆರಡು ಗಾಳದಂತೆ ಇಳಿಸಿ, ಅವನು ಆ ಬಂಡೆಯನ್ನು ತೊಳೆದಿಟ್ಟ ಪಾತ್ರೆ ಮಾಡಿಬಿಟ್ಟ. ಬೆರಳುದ್ದದ ಮರಿಗಳನ್ನೂ ಬಿಡಲಿಲ್ಲ.

ಅಪ್ಪ ಖಾಲಿ ಬುಟ್ಟಿ ಹಿಡಿದು ಬಂದ ದಿನ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಗನ ಜೊತೆ ಮಾತು ನಿಲ್ಲಿಸಿದ, ಅಷ್ಟೆ. ರಜೆಯ ದಿನ ಅವನು ಏಳುವ ಮೊದಲೇ ದೋಣಿ ಹೋಗಿರುತ್ತಿತ್ತು. ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಊಟ ಮಾಡುವಾಗಲೂ, "ಅವನಿಗೆ ಹೇಳು, ನಲ್ಲಿ ಸರಿಯಾಗಿ ತಿರುಗಿಸಲಿ" ಎಂದು ಮಗಳ ಮೂಲಕ ಹೇಳಿಸುತ್ತಿದ್ದ.

"ಅಪ್ಪ ಹೇಳ್ತಿದಾರೆ, ನಲ್ಲಿ ಸರಿಯಾಗಿ ತಿರುಗಿಸ್ಬೇಕಂತೆ" ಎನ್ನುತ್ತಿದ್ದಳು ಅಕ್ಕ, ಮುಖದಲ್ಲಿ ನಗು ತಡೆದುಕೊಂಡು. "ನಿಮ್ಮಿಬ್ಬರ ಮಧ್ಯೆ ನಾನೊಂದು ಪೋಸ್ಟಾಫೀಸು ಆಗ್ಬಿಟ್ಟೆ ಕಣೋ."

ಹೀಗೆ ಎರಡು ತಿಂಗಳು ಕಳೆದ ಮೇಲೆ ಬಿಳಿಟೋಪಿ ಅಂಗಡಿಗೆ ಬಂದ. ಗಾಳ ಕೊಂಡು, ಗಲ್ಲಾದ ಮೇಲೆ ಬಗ್ಗಿ, ಪ್ರೀತಿಯಿಂದ ಎಂಬಂತೆ ಹೇಳಿದ: "ಏನಪ್ಪಾ ವರದಿ, ಒಳ್ಳೇ ಫೋಟೊ ತೆಗೀತೀಯ. ನಿಲ್ಲಿಸ್ಬೇಡ, ತೆಗೀತಾ ಇರು."

ವರದಿ "ಆಯ್ತು ಸಾರ್" ಎಂದ. ಅವನು ಅತ್ತ ಹೋದ ಮೇಲೆ ನೋಡಿದರೆ, ಅಳೆಯುತ್ತಿದ್ದ ದಾರವನ್ನು ಕೈಗೆ ಎಷ್ಟು ಬಿಗಿಯಾಗಿ ಸುತ್ತಿಕೊಂಡಿದ್ದನೆಂದರೆ ಬೆರಳು ನೀಲಿ ತಿರುಗಿತ್ತು. ಅಂದಿನಿಂದ ಅವನ ತಲೆಯಲ್ಲಿ ಬೇರೆ ಯೋಚನೆ ಇರಲಿಲ್ಲ. ಸೀಸದ ಗುಂಡು ತೂಗುವಾಗ ಅದು ಬಿಳಿಟೋಪಿಯ ಕಾಲ್ಬೆರಳಿನ ಮೇಲೆ ಬೀಳುವುದನ್ನು ನೋಡುತ್ತಿದ್ದ. ಗಾಳದ ಗಂಟು ಹಾಕುವಾಗ ಆ ಕತ್ತನ್ನು ನೆನೆಯುತ್ತಿದ್ದ. ಧೈರ್ಯ ಮಾತ್ರ ಇರುವೆಯಷ್ಟು. ಬಿಳಿಟೋಪಿ ಎದುರು ಸಿಕ್ಕರೆ ಮೊದಲು ನಮಸ್ಕಾರ ಹೊಡೆಯುತ್ತಿದ್ದವನೂ ಅವನೇ.

ಉಪಾಯ ಹೊಳೆದದ್ದು ಅಕ್ಕನ ಮಾತಿನಿಂದ. ಅವಳು ಧಕ್ಕೆಯಲ್ಲಿ ಮೀನು ಆರಿಸುವ ಕೆಲಸದವಳು. ಹೀಗೇ ಇನ್ನೆರಡು ತಿಂಗಳು ಕಳೆದ ಮೇಲೆ ಒಂದು ಸಂಜೆ ಕೈಗೆ ಹತ್ತಿದ ಪೊರೆ ಕೆರೆಯುತ್ತಾ, "ಅವನು ಆ 'ಗಂಟು' ಇದೆಯಲ್ಲ, ಅದಕ್ಕೆ ಸಿಕ್ಕಿಹಾಕ್ಕೋಬೇಕಿತ್ತು" ಎಂದಳು.

ಗಂಟು ಎಂದರೆ ಎಂದೋ ಮುಳುಗಿದ, ಮರಳು ಸಾಗಿಸುವ ದೋಣಿ. ಅದಕ್ಕೆ ಇಡೀ ಒಂದು ದೊಡ್ಡ ಬಲೆ ಸುತ್ತಿಕೊಂಡು ತಳದಲ್ಲೇ ಉಳಿದಿತ್ತು. ಅಲ್ಲಿ ಇಳಿಸಿದ ಗಾಳ ಮೇಲೆ ಬರುತ್ತಿರಲಿಲ್ಲ. ಧಕ್ಕೆಯಲ್ಲಿ ಬರೆದಿಡದ ಒಂದು ಕಟ್ಟಳೆ ಇತ್ತು. ಮೀನಿನ ಜಾಗದ ಬಗ್ಗೆ ಎಷ್ಟು ಬೇಕಾದರೂ ಸುಳ್ಳು ಹೇಳಬಹುದು, ಆದರೆ ಗಾಳ, ಬಲೆ, ಲಂಗರು ಸಿಕ್ಕಿಕೊಳ್ಳುವ ಜಾಗದ ಬಗ್ಗೆ ಯಾರು ಕೇಳಿದರೂ ನಿಜವನ್ನೇ ಹೇಳಬೇಕು. ಶತ್ರು ಕೇಳಿದರೂ.

"ಕೇಳಿದ್ರೆ ತಾನೇ ಹೇಳ್ಬೇಕಾದ್ದು?" ಎಂದ ವರದಿ. "ಅವನು ಯಾರನ್ನೂ ಕೇಳಲ್ಲ ಅಕ್ಕ. ಕೇಳಿದ್ರೆ ತನ್ನ ಗುಟ್ಟಿನ ಜಾಗ ಬೇರೆಯವರಿಗೆ ಗೊತ್ತಾಗುತ್ತಲ್ಲ."

ಅಕ್ಕ ಕೆರೆಯುವುದನ್ನು ನಿಲ್ಲಿಸಿದಳು. "ಹಾಗಾದ್ರೆ ಗಂಟಿನ ಮೇಲೆ ನಿಂತು ಒಂದು ಫೋಟೊ. ಐಸಲ್ಲಿಟ್ಟ ಮೀನು ಬೇಡ. ಕಣ್ಣು ಗುಳಿ ಬಿದ್ದಿರುತ್ತೆ, ನೋಡಿದ ತಕ್ಷಣ ಹಿಡೀತಾನೆ. ಬೆಳಗ್ಗೆ ಬಂದಿದ್ದು ಕೊಡ್ತೀನಿ. ಹುಟ್ಟು ನಾನೇ ಹಾಕ್ತೀನಿ. ನೀನು ವಾಂತಿ ಮಾಡ್ಕೋ."

ಅಪ್ಪ ದೋಣಿಯ ಹಗ್ಗ ತರಲು ಪೇಟೆಗೆ ಹೋದ ದಿನ ಅಪ್ಪನ ದೋಣಿಯಲ್ಲೇ ಇಬ್ಬರೂ ಹೋದರು. ಒದ್ದೆ ಗೋಣಿಚೀಲದಲ್ಲಿ ಇನ್ನೂ ಕಿವಿರು ಆಡಿಸುತ್ತಿದ್ದ ಏಳು ಕಿಲೋದ ಮುರುಮೀನು. ವರದಿ ಅಕ್ಕ ಒಪ್ಪಿಸಿದ ವಾಂತಿಯ ಕೆಲಸವನ್ನು ಎರಡು ಸಲ ಮಾಡಿದ. ಚಿಮಣಿ ಟ್ಯಾಂಕಿನಿಂದ ಒಂದು ಬೆರಳು ಎಡಕ್ಕೆ, ದೀಪಸ್ತಂಭ ಶಾಲೆಯ ಕೆಂಪು ಹೆಂಚಿನ ಮಾಡಿಗೆ ತಾಗಿದಂತೆ ಬಂದಾಗ, ಸರಿಯಾಗಿ ಗಂಟಿನ ಮೇಲೆ, ಮೀನು ಎತ್ತಿ ಹಿಡಿದ.

"ನಗೋ."

"ನಗಕ್ಕಾಗ್ತಿಲ್ಲ."

"ಬಿಳಿಟೋಪಿನ ನೆನೆಸ್ಕೋ."

ಫೋಟೊದಲ್ಲಿ ಅವನು ಮೂವತ್ತೆರಡು ಹಲ್ಲು ಬಿಟ್ಟು ನಕ್ಕಿದ್ದ.

ಮಾರನೇ ದಿನದ ವರದಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ: "ಗಾಳಿ ಕಡಿಮೆ. ನೀರು ತಿಳಿ. ಚಿತ್ರದಲ್ಲಿರುವ ಮುರುಮೀನಿನ ತೂಕ ಏಳು ಕಿಲೋ." ಫೋಟೊದ ಪ್ರಿಂಟನ್ನು ಹಲಗೆಯ ಪಕ್ಕ ಅಂಟಿಸಿದ. ಹಳೆಯ ದೋಣಿಗಳವರು ಇಬ್ಬರು ಮೂವರು ಅದರ ಮುಂದೆ ನಿಂತು, ಒಬ್ಬರ ಮುಖ ಒಬ್ಬರು ನೋಡಿ, ಬೀಡಿ ಹಚ್ಚಿಕೊಂಡು ಹೋದರು. ಅವರನ್ನು ಯಾರೂ ಏನೂ ಕೇಳಿರಲಿಲ್ಲ.

ಫೋನಿಲ್ಲದ ಅಪ್ಪನೂ ಬಂದ. ಫೋಟೊದ ಮುಂದೆ ನಿಂತ. ವರದಿ ಗಲ್ಲಾದ ಹಿಂದಿನಿಂದ ನೋಡುತ್ತಾ ಕೂತ. ಅಪ್ಪನ ಕಣ್ಣು ಮೀನಿನ ಮೇಲಿರಲಿಲ್ಲ. ಚಿಮಣಿಯಿಂದ ದೀಪಸ್ತಂಭಕ್ಕೆ, ದೀಪಸ್ತಂಭದಿಂದ ಮಗನ ಹಲ್ಲಿಗೆ ಹೋಯಿತು. ಅಷ್ಟರಲ್ಲಿ ಬಿಳಿಟೋಪಿಯೂ ಬಂದು ಪಕ್ಕಕ್ಕೆ ನಿಂತ. ಸುತ್ತಮುತ್ತ ಬೇರೆ ದೋಣಿಯವರು ಯಾರೂ ಇಲ್ಲವೆಂದು ನೋಡಿಕೊಂಡು ಮೆಲ್ಲಗೆ ಕೇಳಿದ:

"ಯಜಮಾನ್ರೇ, ಇದು ನಿಮ್ಮ ಇನ್ನೊಂದು ಜಾಗ ಅಂತ ಗೊತ್ತು ಬಿಡಿ. ತಳ ಹೇಗಿದೆ ಅಲ್ಲಿ?"

ಕೇಳಿಯೇಬಿಟ್ಟ. ಅಪ್ಪ ಆ ಕಟ್ಟಳೆಯನ್ನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಮುರಿದವನಲ್ಲ.

ಅಪ್ಪ ಹೆಗಲ ಮೇಲಿನ ಟವೆಲ್ ಕೊಡವಿದ. "ನನ್ನ ಬಂಡೆಗೆ ಹೋಗುವಾಗ ನನ್ನ ಕೇಳಿದ್ಯಾ? ಇಲ್ಲಿಗೂ ಹಾಗೇ ಹೋಗು."

ಬಿಳಿಟೋಪಿ ಗಹಗಹಿಸಿ ನಕ್ಕ. ಮುದುಕನಿಗೆ ಹೊಟ್ಟೆಯುರಿ, ಅಂದರೆ ಜಾಗ ಖಂಡಿತ ಒಳ್ಳೆಯದೇ ಎಂದು ಅವನ ಮುಖದಲ್ಲಿ ಬರೆದಿತ್ತು.

ಭಾನುವಾರ ಸಮುದ್ರ ತಟ್ಟೆಯಲ್ಲಿಟ್ಟ ನೀರಿನಂತಿತ್ತು. ಬಿಳಿಟೋಪಿ ಹನ್ನೆರಡು ಗಿರಾಕಿಗಳನ್ನು ಹತ್ತಿಸಿಕೊಂಡು ಹೊರಟ. ವರದಿ ಅಂಗಡಿಯ ವೈರ್‌ಲೆಸ್ ಸೆಟ್ಟಿನ ದನಿ ಏರಿಸಿ, ಒಂದೇ ಗಾಜನ್ನು ನಾಲ್ಕನೇ ಸಲ ಒರೆಸುತ್ತಾ ನಿಂತ. ಒಂಬತ್ತರ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಅಪ್ಪ ಒಳಗೆ ಬಂದು ಸೀಸದ ಗುಂಡಿನ ಮೂಟೆಯ ಮೇಲೆ ಕೂತ. ಮಗನ ಕಡೆ ನೋಡಲಿಲ್ಲ, ಸೆಟ್ಟಿನ ಕಡೆ ಕಿವಿ ತಿರುಗಿಸಿದ.

ಮೊದಲು ಬಿಳಿಟೋಪಿಯ ಹೆಮ್ಮೆ ಕೇಳಿಸಿತು. ಬೇರೆ ಬೋಟಿನವನಿಗೆ ಹೇಳುತ್ತಿದ್ದ: "ಯಂತ್ರದಲ್ಲಿ ತಳ ಗುಡ್ಡದ ಥರಾ ಕಾಣ್ತಿದೆ. ಎಲ್ಲಿದ್ದೀನಿ ಅಂತ ಮಾತ್ರ ಕೇಳ್ಬೇಡ." ಹತ್ತು ನಿಮಿಷದ ಮೇಲೆ ಹಿಂದಿನಿಂದ ಗಿರಾಕಿಗಳ ಗದ್ದಲ. ಹನ್ನೆರಡು ಜನಕ್ಕೂ ಒಟ್ಟಿಗೇ ಭಾರೀ ಮೀನು ಕಚ್ಚಿತ್ತು. ಹನ್ನೆರಡು ಜನವೂ ಎಳೆಯುತ್ತಿದ್ದರು. ಯಾರದೋ ದುಬಾರಿ ಕೋಲು ಲಟಕ್ಕೆಂದದ್ದು ಅಂಗಡಿಯವರೆಗೂ ಕೇಳಿಸಿತು. ಒಬ್ಬರ ಹಿಂದೊಬ್ಬರ ದಾರ ಕಡಿದು, ಮತ್ತೆ ಕಟ್ಟಿ, ಮತ್ತೆ ಕಡಿದು, ಕೊನೆಗೆ ಮೇಲೆ ಬಂದದ್ದು ಪಾಚಿ ಹತ್ತಿದ ಬಲೆಯ ಒಂದು ತುಂಡು. ವಾಪಸು ಹೋಗೋಣವೆಂದರೆ ಲಂಗರು ಬರಲೊಲ್ಲದು.

ಆಮೇಲೆ, ಇಳಿದ ದನಿಯಲ್ಲಿ ಬಿಳಿಟೋಪಿ: "ಚಿಮಣಿಯಿಂದ ಎಡಕ್ಕೆ, ಶಾಲೆ ಮಾಡಿನ ನೇರಕ್ಕಿದ್ದೀನಿ. ಈ ತಳ ಗೊತ್ತಿರೋರು ಯಾರಾದ್ರೂ ಇದ್ದೀರಾ?"

ಇಡೀ ಕರಾವಳಿಯ ಬೋಟುಗಳೆಲ್ಲ ಕೇಳಿಸಿಕೊಂಡಿರಬೇಕು. ಯಾರೊಬ್ಬರೂ ಬಾಯಿ ಬಿಡಲಿಲ್ಲ. ಅಪ್ಪ ಎದ್ದು ಬಂದು ಮೈಕು ತೆಗೆದುಕೊಂಡ.

"ಗೊತ್ತು. ಮುಳುಗಿದ ದೋಣಿ. ಮೇಲೆ ಬಲೆ ಸುತ್ತಿದೆ. ಹಗ್ಗ ಕೊಯ್ದು ಬಾ."

"ಮೊದಲೇ ಕೇಳಿದ್ನಲ್ಲ ಯಜಮಾನ್ರೇ, ಆಗ್ಲೇ ಯಾಕೆ ಹೇಳ್ಲಿಲ್ಲ?"

ಅಪ್ಪ ಮೈಕನ್ನು ಕೊಕ್ಕೆಗೆ ತೂಗುಹಾಕಿದ. ಕಟ್ಟಳೆ ಮುರಿದ ಬಾಯನ್ನು ಟವೆಲಿಗೆ ಒರೆಸಿಕೊಂಡ. ಮುಖದಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ. ವರದಿಗೂ ಇರಲಿಲ್ಲ. ಸೆಟ್ಟಿನಲ್ಲಿ ಯಾರೋ ಗಿರಾಕಿ ಕ್ಯಾಪ್ಟನ್ನನ ಮೂರು ತಲೆಮಾರನ್ನು ಬೈಯುತ್ತಿದ್ದ. ವರದಿಗೆ ಅದು ಹಬೆಯಾಡುವ ಅನ್ನದಷ್ಟು ಹಿತವಾಗಿತ್ತು.

"ನಾಳೆ ಪೂರ್ತಿ ಇಳಿತ ಎಷ್ಟು ಗಂಟೆಗೆ?" ಎಂದ ಅಪ್ಪ.

ಅಂಗಡಿಯಲ್ಲಿ ಅಕ್ಕ ಇರಲಿಲ್ಲ. ಪ್ರಶ್ನೆ ನೇರ ತನಗೇ ಎಂದು ಅರಿವಾಗಲು ವರದಿಗೆ ಒಂದು ಗಳಿಗೆ ಬೇಕಾಯಿತು. ನಾಲ್ಕು ತಿಂಗಳಲ್ಲಿ ಮೊದಲ ಮಾತು.

"ಹತ್ತೂಕಾಲಿಗೆ."

"ರಜಾ ಹಾಕು. ಪಶ್ಚಿಮದಿಂದ ಎಳೆದ್ರೆ ಆ ಲಂಗರು ಬಿಟ್ಕೊಳ್ಳುತ್ತೆ."

"ಹಾಗಾದ್ರೆ ಅವನೂ ಬಿಡಿಸ್ಕೋಬಹುದಿತ್ತಾ?"

"ಬಹುದಿತ್ತು" ಎಂದು ಅಪ್ಪ ಹೊರಟುಹೋದ.

ಮಾರನೇ ದಿನ ವರದಿ ಮುಂದಿನ ಹಲಗೆಯ ಮೇಲೆ ಕೂತು ಹೋದ. ಹೋಗುವಾಗ ಎರಡು ಸಲ, ಎಳೆಯುವಾಗ ಒಂದು ಸಲ ವಾಂತಿಯಾಯಿತು. ಅಪ್ಪ ಕೊಕ್ಕೆ ಇಳಿಸಿ, ಕೊಯ್ದ ಹಗ್ಗದ ತುದಿ ಹುಡುಕಿ, ಪಶ್ಚಿಮಕ್ಕೆ ಸುತ್ತಿ ಬಂದು ಅಲ್ಲಾಡಿಸಿದ. ತಳದಲ್ಲಿ ಏನೋ ಕಳಚಿಕೊಂಡಂತಾಯಿತು. ಇಬ್ಬರೂ ಅಂಗೈ ಸುಲಿಯುವವರೆಗೆ ಎಳೆದರು. ಎಳೆಯುತ್ತಾ ಅಪ್ಪ ಬಿಳಿಟೋಪಿಗೆ ಇಡುತ್ತಿದ್ದ ಹೆಸರುಗಳನ್ನು ಕೇಳಿ ವರದಿಗೆ, ಇಷ್ಟು ವರ್ಷ ಈ ಮನುಷ್ಯನ ಬಳಿ ಒಂದು ಬೈಗುಳವೂ ಇಲ್ಲ ಎಂದುಕೊಂಡಿದ್ದೆನಲ್ಲ ಎನ್ನಿಸಿತು.

ಅಂದಿನ ವರದಿ ಮಧ್ಯಾಹ್ನ ಹಲಗೆಗೆ ಹತ್ತಿತು: "ಗಾಳಿ ಇಲ್ಲ. ನೀರು ತಿಳಿ. ಇಂದಿನ ಹಿಡಿತ ಒಂದು: ಇಪ್ಪತ್ತೆರಡು ಕಿಲೋ, ಕಬ್ಬಿಣ. ಶಾಲೆಯ ಮಾಡಿನ ನೇರಕ್ಕೆ ತಳದಲ್ಲಿ ಬಲೆ ಇದೆ, ಯಾರೂ ಗಾಳ ಇಳಿಸಬೇಡಿ."

ಸಂಜೆ ಬಿಳಿಟೋಪಿ ಧಕ್ಕೆಗೆ ಬಂದ. ಅಪ್ಪನ ಸಣ್ಣ ದೋಣಿಯನ್ನು ಬೆಕ್ಕಿಗೆ ಆನೆಯ ಸರಪಳಿ ಹಾಕಿದಂತೆ ಆ ಲಂಗರಿಗೆ ಕಟ್ಟಿತ್ತು. ಅದರ ಮೇಲೆ ಬಿಳಿಟೋಪಿಯ ಬೋಟಿನ ಹೆಸರು ದಪ್ಪಕ್ಷರದಲ್ಲಿತ್ತು. ಅಪ್ಪ ದೋಣಿಯಲ್ಲಿ ಕೂತು ಗಾಳಕ್ಕೆ ಗಂಟು ಹಾಕುತ್ತಿದ್ದ, ಮಗ ದಾರ ಹಿಡಿದಿದ್ದ. ಸುತ್ತ ಮೀನು ಆರಿಸುವ ಹೆಂಗಸರ ಕೈ ನಿಂತಿತು.

"ಅದು ನನ್ನ ಲಂಗರು ಯಜಮಾನ್ರೇ."

"ಹೌದು" ಎಂದ ಅಪ್ಪ, ತಲೆ ಎತ್ತದೆ. "ನನ್ನ ಬಂಡೇಲಿದ್ದ ಮೀನು ತಂದು ಬಿಡು, ತಗೊಂಡು ಹೋಗು. ಮರಿ ಸಮೇತ."

ಬಿಳಿಟೋಪಿ ವರದಿಯ ಕಡೆ ತಿರುಗಿದ. ವರದಿಯ ಕೈ ಅಭ್ಯಾಸಬಲದಿಂದ ನಮಸ್ಕಾರಕ್ಕೆ ಅರ್ಧ ಎದ್ದಿತ್ತು. ಅದನ್ನು ಅವನು ಕೆಳಗಿಳಿಸಿದ.

"ದಾರ ಸಡಿಲ ಬಿಟ್ಟೆ ನೋಡು" ಎಂದ ಅಪ್ಪ. ಮಗ ಬಿಗಿಯಾಗಿ ಹಿಡಿದುಕೊಂಡ.