ಜ್ವರದ ವಾರ್ಡಿನಲ್ಲಿ ಗಂಗಾಧರಯ್ಯನ ಕಾಯಿ

ರಾಜ್ಯದ ಬಜೆಟ್ ಮಂಡನೆಯಾಗುವ ದಿನ ಗಂಗಾಧರಯ್ಯ ತೋಟದ ಕಡೆ ತಲೆ ಹಾಕುತ್ತಿರಲಿಲ್ಲ. ಸ್ನಾನ ಮಾಡಿ, ವಿಭೂತಿ ಬಳಿದು, ಇಸ್ತ್ರಿ ಪಂಚೆ ಉಟ್ಟು ಟೀವಿ ಮುಂದೆ ಕೂರುತ್ತಿದ್ದ. ಔಷಧಿ, ಡಾಕ್ಟರ ನೇಮಕ ಎಂಬ ಮಾತು ಬಂದರೆ ಆಕಳಿಸುತ್ತಿದ್ದ. ಕಟ್ಟಡ ಎಂದೊಡನೆ ಬೆನ್ನು ನೆಟ್ಟಗಾಗುತ್ತಿತ್ತು. ಆತನ ಭಾಮೈದ ದಯಾನಂದ ಕಂಟ್ರಾಕ್ಟರ್ ಎಂದರೆ ಉಳಿದದ್ದು ಯಾರಿಗಾದರೂ ತಿಳಿಯುತ್ತದೆ.

“ಔಷಧಿಯಾಗೆ ಏನೈತ್ಲಾ, ಕುಡುದ್ರೆ ಮುಗೀತು. ಕಟ್ಟಡ ಆದ್ರೆ ನಿಂತಿರ್ತದೆ ಕಣ್ಲಾ,” ಎಂದು ಹೋಟೆಲ್ ಬೆಂಚಿನ ಮೇಲೆ ಕೂತು ಬುದ್ಧಿ ಹೇಳುತ್ತಿದ್ದ.

ಅರಳಗುಪ್ಪೆಯಿಂದಾಚೆ ಇರುವ ನಮ್ಮೂರಲ್ಲಿ ಇಂಥವನನ್ನು ದೊಡ್ಡ ಮನುಷ್ಯ ಅನ್ನುತ್ತಾರೆ. ಸರ್ಕಾರದ್ದೂ ಅದೇ ಬುದ್ಧಿಯಾದ್ದರಿಂದ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು. ಕಂಡಕಂಡವರಿಗೆ ಶಾಲು ಹೊದಿಸಿ, ಎಳನೀರು ಕುಡಿಸಿ, ಊರಿಗೊಂದು ಆಸ್ಪತ್ರೆ ಕಟ್ಟಡ ತಂದ. ಅದಕ್ಕೊಂದು ಸಮಿತಿ, ಸಮಿತಿಗೆ ಈತನೇ ಅಧ್ಯಕ್ಷ. ಒಳಗೆ ಒಳ್ಳೆಯ ವಾರ್ಡೂ ಇತ್ತು. ಡಾಕ್ಟರು ಮಾತ್ರ ಬರಲಿಲ್ಲ. ಅಮೆರಿಕದಲ್ಲಿ ಬ್ಯಾಂಕು ಮುಳುಗಿದ ವರ್ಷ ಅದು. ಕೇಳಿದವರಿಗೆಲ್ಲ “ಆರ್ಥಿಕ ಹಿಂಜರಿತ ಕಣಪ್ಪ” ಎನ್ನುತ್ತಿದ್ದ. ಟೀವಿಯಲ್ಲಿ ಕಲಿತ ಮಾತು. ಬಾಯಿಗೆ ಹಾಕಿಕೊಂಡ ಎಲೆಯಡಿಕೆಯಂತೆ ದಿನವಿಡೀ ಜಗಿಯುತ್ತಿದ್ದ. ಹಿಂಜರಿತ ಆತನ ಕಟ್ಟಡಗಳ ಹತ್ತಿರ ಸುಳಿಯಲಿಲ್ಲ ಅನ್ನುವುದು ಬೇರೆ ಮಾತು.

ಖಾಲಿ ವಾರ್ಡು ಕಂಡರೆ ಆತನಿಗೆ ಹೊಟ್ಟೆ ಉರಿಯುತ್ತಿತ್ತು. ಒಂದು ದಿನ ಬಡಗಿಯನ್ನು ಕರೆಸಿ, ಗೋಡೆಯಿಂದ ಗೋಡೆಗೆ ಅಟ್ಟ ಹಾಕಿಸಿ ತನ್ನ ತೋಟದ ತೆಂಗಿನಕಾಯಿಯನ್ನೆಲ್ಲ ತುಂಬಿಸಿಬಿಟ್ಟ. ನಮ್ಮ ಕಡೆ ಉಂಡೆ ಕೊಬ್ಬರಿ ಆಗುವುದು ಹೀಗೆಯೇ. ಸಿಪ್ಪೆ ಸಮೇತ ಕಾಯಿಯನ್ನು ವರ್ಷದ ತನಕ ಅಟ್ಟದಲ್ಲಿ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗಳಗಳ ಎನ್ನುತ್ತದೆ. ನಡುವೆ ಕೆಳಗಿಳಿಸಿ ಕುಲುಕಾಡಿಸಿದರೆ ಕೆಟ್ಟುಹೋಗುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಅಟ್ಟದ ಕಾಯಿಗೆ ಕೈ ಹಚ್ಚುವ ಗಂಡಸು ಈ ಸೀಮೆಯಲ್ಲಿ ಹುಟ್ಟಿಲ್ಲ.

ಮಾರನೆಯ ವರ್ಷ ಹಂದಿಜ್ವರ ಬಂತು. ವಾರ್ಡು ತೆರೆದ ಊರಿಗೆ ದಿನವೂ ಡಾಕ್ಟರು ಬಂದುಹೋಗುತ್ತಾರೆ, ಹಂದಿಜ್ವರದ ಮಾತ್ರೆಯನ್ನೂ ಅಲ್ಲೇ ಇಡುತ್ತಾರೆ ಎಂದು ಮೇಲಿನಿಂದ ಆದೇಶವಾಯಿತು. ಜ್ವರದ ಹೆಸರಿನಲ್ಲಿ ಸ್ವಲ್ಪ ಹಣವೂ ಬಂತು. ಗಂಗಾಧರಯ್ಯ ಆ ಹಣದಲ್ಲಿ ಹೊರಗೋಡೆಗೆ ಬಣ್ಣ ಹೊಡೆಸಿ, ತನ್ನ ಹೆಸರಿನ ಬೋರ್ಡು ಹಾಕಿಸಿದ. ಇಂಥ ನಾಚಿಕೆಗೇಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಡಾಕ್ಟರಿಲ್ಲದ ಆ ಆಸ್ಪತ್ರೆಗೆ ಇದ್ದ ಒಬ್ಬಳೇ ನರ್ಸ್ ಗಿರಿಜಾಂಬಿಕಾ ಸಮಿತಿಯವರನ್ನೆಲ್ಲ ಆಸ್ಪತ್ರೆ ಜಗುಲಿಗೆ ಕರೆಸಿದಳು. ಅದೇ ಹೊತ್ತಿಗೆ ನಮ್ಮೂರಿನ ಅನಸೂಯಮ್ಮ ಮಗಳಿಗೆ ಮಾತ್ರೆ ಕೇಳಿಕೊಂಡು ಬಂದಿದ್ದಳು. ಹೆರಿಗೆಗೆಂದು ತವರಿಗೆ ಬಂದಿದ್ದ ಸೌಮ್ಯಳಿಗೆ ಹಿಂದಿನ ದಿನದಿಂದ ಜ್ವರ.

“ಅಧ್ಯಕ್ಷರೇ, ಬಸುರಿ ಹೆಂಗಸಿಗೆ ಈ ಜ್ವರ ಒಳ್ಳೇದಲ್ಲ. ಇವತ್ತೇ ಕಾಯಿ ಇಳಿಸಿ ವಾರ್ಡು ತೆಗೆದ್ರೆ ನಾಳೆ ಡಾಕ್ಟರು ಬರ್ತಾರೆ,” ಎಂದಳು ಗಿರಿಜಾಂಬಿಕಾ.

“ಇನ್ನೊಂದೆರಡು ತಿಂಗಳು ಹೋಗ್ಲಿ ಸಿಸ್ಟರಮ್ಮ. ಈಗ ಕುಲುಕಿದ್ರೆ ಕೊಬ್ಬರಿ ಕೆಡ್ತದೆ,” ಎಂದ ಗಂಗಾಧರಯ್ಯ. ಆಮೇಲೆ ಅನಸೂಯಮ್ಮನ ಕಡೆ ತಿರುಗಿದ. “ನೀನೇ ಯೋಳಮ್ಮ, ಬಲಿಯೋ ಮುಂಚೆ ಅಟ್ಟದ ಕಾಯಿ ಇಳಿಸ್ತಾರಾ?”

ಮಗಳ ಮೈ ಕೆಂಡವಾಗಿದ್ದ ಆ ತಾಯಿ ಒಂದು ಗಳಿಗೆಯೂ ಯೋಚಿಸಲಿಲ್ಲ. “ಎಲ್ಲಾದ್ರೂ ಉಂಟಾ ಅಣ್ಣ. ಇಳಿಸ್ಬಾರ್ದು,” ಎಂದಳು. ಹುಟ್ಟಿದಾಗಿನಿಂದ ಕೊಬ್ಬರಿಯ ನಡುವೆಯೇ ಬೆಳೆದ ನಾಲಿಗೆ ಅದು. ಸಮಿತಿಯವರೂ ಒಟ್ಟಿಗೆ ತಲೆಯಾಡಿಸಿದರು. ಅಷ್ಟು ಜನರಲ್ಲಿ ಗಿರಿಜಾಂಬಿಕಾ ಒಬ್ಬಳೇ ಹುಚ್ಚಿಯಂತೆ ಕಂಡಳು. ತನ್ನ ಹತ್ತಿರ ಇದ್ದ ಮಾಮೂಲಿ ಜ್ವರದ ಮಾತ್ರೆಯನ್ನೇ ಕೊಟ್ಟು ಅನಸೂಯಮ್ಮನನ್ನು ಕಳಿಸಿದಳು.

ಡಾಕ್ಟರು ವಾರ್ಡು ತೆರೆದಿದ್ದ ಬೇರೆ ಊರುಗಳಿಗೆ ಹೋದರು. ಸೌಮ್ಯಳಿಗೆ ಉಸಿರು ಕಟ್ಟತೊಡಗಿದ ಮೇಲೆ ಗಾಡಿ ಹುಡುಕಿ ತಿಪಟೂರಿನ ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಸೌಮ್ಯ, ಹೊಟ್ಟೆಯಲ್ಲಿದ್ದ ಮಗು ಇಬ್ಬರೂ ಹೋದರು. ಗಂಗಾಧರಯ್ಯ ಮಣ್ಣಿಗೆ ಬಂದು, ಎಲ್ಲರಿಗಿಂತ ಮುಂದೆ ನಿಂತು ಕಣ್ಣೊರೆಸಿಕೊಂಡ.

ಅಷ್ಟಕ್ಕೇ ಬಿಟ್ಟಿದ್ದರೆ ಅವನನ್ನು ಬರೀ ದುರಾಸೆಯವನು ಅನ್ನಬಹುದಿತ್ತು. ಮುಂದಿನ ಬಜೆಟ್ ಆದ ಮೇಲೆ, ಜ್ವರಕ್ಕೆ ಬಸುರಿ ಸತ್ತ ಊರು, ಮೊದಲ ಆದ್ಯತೆ ನಮಗೇ ಸಿಗಬೇಕು ಎಂದು ಅರ್ಜಿ ಹಿಡಿದು ಓಡಾಡಿದ. ಹೆರಿಗೆ ವಾರ್ಡಿಗೆಂದು ಇನ್ನೊಂದು ಕಟ್ಟಡ ಮಂಜೂರಾಯಿತು. ಕಂಟ್ರಾಕ್ಟು ದಯಾನಂದನಿಗೆ.

ಗುದ್ದಲಿಪೂಜೆಗೆ ಶಾಮಿಯಾನ ಹಾಕಿಸಿ ಅನಸೂಯಮ್ಮನನ್ನು ಮೊದಲ ಸಾಲಿನಲ್ಲಿ ಕೂರಿಸಿದ. ಮೈಕು ಹಿಡಿದು, “ನಮ್ಮ ಸೌಮ್ಯಳ ತ್ಯಾಗ ವ್ಯರ್ಥವಾಗಲಿಲ್ಲ” ಎಂದು ಭಾಷಣದ ಭಾಷೆಯಲ್ಲಿ ಶುರುಮಾಡಿದ. ಜನ ಚಪ್ಪಾಳೆ ತಟ್ಟಿದರು. ತಟ್ಟಲು ಕೈ ಹೇಗೆ ಬಂತೋ.

ಅನಸೂಯಮ್ಮ ಎದ್ದು ನಿಂತಳು. ದನಿ ಏರಿಸಲಿಲ್ಲ.

“ಗಂಗಾಧರಣ್ಣ, ನನ್ ಮಗಳು ತ್ಯಾಗ ಮಾಡ್ಲಿಲ್ಲ. ನೀನು ಕೇಳ್ದೆ, ನಾನು ಇಳಿಸ್ಬಾರ್ದು ಅಂದೆ. ನಾವಿಬ್ರೂ ಸೇರಿ ಕಾಯಿ ಉಳಿಸ್ಕಂಡ್ವಿ. ಅದುನ್ನ ಯೋಳು ಮೈಕಾಗೆ.”

ಗಂಗಾಧರಯ್ಯ ಮೈಕಿನ ಬಾಯಿಗೆ ಅಂಗೈ ಮುಚ್ಚಿದ.

“ಕುತ್ಕಳಮ್ಮ, ಬಿಸ್ಲಾಗೆ ಬಂದಿದ್ದೀಯ. ಕಾಫಿ ಕೊಡ್ತಾರೆ,” ಎಂದ. ಕೈ ತೆಗೆದು, ಮಂಜೂರು ಮಾಡಿಸಿದವರ ಹೆಸರುಗಳನ್ನು ಒಂದೊಂದಾಗಿ ಓದತೊಡಗಿದ.